ಸಹಾಯ ಬೇಕು: ಪ್ರೀಪೇಡ್ ಕಾರ್ಡಿಗೆ ಕ್ರೆಡಿಟ್ ಕಾರ್ಡಿಂದ ದುಡ್ಡು ಹಾಕಿದರೆ ರಿವಾರ್ಡ್ ಪಾಯಿಂಟ್ಸ್ ಬರುತ್ತಾ?

ಎಲ್ಲರಿಗೂ ನಮಸ್ಕಾರ. ಮಗಳು ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಖರ್ಚಿಗೆ ಅಂತ ಫುಲ್ ಕೆವೈಸಿ ಮಾಡಿಸಿ ಒಂದು ಪ್ರೀಪೇಡ್ ಕಾರ್ಡ್ ಕೊಡಿಸಿದ್ದೇನೆ, ಪ್ರತಿ ತಿಂಗಳು ನನ್ನ ಕ್ರೆಡಿಟ್ ಕಾರ್ಡಿಂದ ಅದಕ್ಕೆ ದುಡ್ಡು ಹಾಕ್ತೀನಿ. ಈ ಸಲ ಸ್ಟೇಟ್‌ಮೆಂಟ್ ಕೂತು ನೋಡಿದೆ. ನಮ್ಮ ಮೆಟ್ರೋ ಸ್ಮಾರ್ಟ್ ಕಾರ್ಡ್ ರೀಚಾರ್ಜ್ ಮಾಡಿದ್ದಕ್ಕೆ ಪಾಯಿಂಟ್ಸ್ ಬಂದಿದೆ, ಪ್ರೀಪೇಡ್ ಕಾರ್ಡಿಗೆ ಹಾಕಿದ ಸಾಲಿನ ಎದುರು ಸೊನ್ನೆ. ಸಾಲದ್ದಕ್ಕೆ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ಬೇರೆ.

ಕಸ್ಟಮರ್ ಕೇರ್‌ನವರು "ವಾಲೆಟ್ ಲೋಡ್‌ಗೆ ಪಾಯಿಂಟ್ಸ್ ಇಲ್ಲ ಸರ್" ಅಂದು ಮುಗಿಸಿದರು; ಪ್ರೀಪೇಡ್ ಕಾರ್ಡಿಗೆ ದುಡ್ಡು ಹಾಕೋದನ್ನೂ ಅವರು ವಾಲೆಟ್ ಲೋಡ್ ಅಂತಲೇ ಎಣಿಸ್ತಾರೆ. ಕ್ರೆಡಿಟ್ ಕಾರ್ಡಿಂದ ಪ್ರೀಪೇಡ್ ಕಾರ್ಡಿಗೆ ದುಡ್ಡು ಹಾಕಲು ರಿಸರ್ವ್ ಬ್ಯಾಂಕಿನ 2021ರ ನಿಯಮದಲ್ಲೇ ಅವಕಾಶ ಇದೆ. ಪಾಯಿಂಟ್ಸ್ ಕೊಡೋದು ಬಿಡೋದು ಮಾತ್ರ ಬ್ಯಾಂಕಿನ ಇಷ್ಟ. ವ್ಯಾಪಾರಿಯ ಎಂಸಿಸಿ ಕೋಡ್ (ಯಾವ ಬಗೆಯ ವ್ಯಾಪಾರ ಅಂತ ಸೂಚಿಸುವ ನಾಲ್ಕಂಕಿ ಸಂಖ್ಯೆ) ನೋಡಿ ತೀರ್ಮಾನಿಸ್ತಾರೆ, ವಾಲೆಟ್ ಲೋಡ್ ಸಾಮಾನ್ಯವಾಗಿ 6540ರಲ್ಲಿ ಬರುತ್ತೆ ಅನ್ನೋವರೆಗೆ ಓದಿಕೊಂಡಿದ್ದೇನೆ.

ನನಗೆ ಬೇಕಾಗಿರೋದು ಇಷ್ಟು: ಲೋಡ್ ಮಾಡಿದ್ದಕ್ಕೂ ಪಾಯಿಂಟ್ಸ್ ಕೊಡುವ ಕಾರ್ಡ್ ಈಗ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯಾ? ಪಾಯಿಂಟ್ಸ್ ಇಲ್ಲದಿದ್ದರೂ ಈ ಮೊತ್ತ ವಾರ್ಷಿಕ ಶುಲ್ಕ ಮನ್ನಾದ ಲೆಕ್ಕಕ್ಕೆ ಸೇರುತ್ತಾ? ಹಣ ಹಾಕುವ ಮೊದಲೇ ಎಂಸಿಸಿ ತಿಳಿಯೋದು ಹೇಗೆ? ಅವಳಿಗೆ ನನ್ನ ಕ್ರೆಡಿಟ್ ಕಾರ್ಡಿನ ಮೇಲೆಯೇ ಇನ್ನೊಂದು ಆಡ್‌ಆನ್ ಕಾರ್ಡ್ ಮಾಡಿಸಿ ಅಂತ ಹೇಳಬೇಡಿ, ಖರ್ಚಿಗೆ ಒಂದು ಮಿತಿ ಇರಲಿ ಅಂತಲೇ ಪ್ರೀಪೇಡ್ ಆರಿಸಿದ್ದು. ಬಾಡಿಗೆ ಕಟ್ಟಿದ ಹಾಗೆ ತೋರಿಸಿ ಕ್ರೆಡಿಟ್ ಕಾರ್ಡಿನ ದುಡ್ಡು ತಿರುಗಿಸೋ ದಾರಿಯೂ ಬೇಡ.

ಕಳೆದ ಒಂದೆರಡು ತಿಂಗಳಲ್ಲಿ ಸ್ವತಃ ಲೋಡ್ ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮುಂದಿನ ವಾರ ಮತ್ತೆ ಹಣ ಹಾಕಬೇಕು.