ಇಷ್ಟೊಂದು ಎಲೆಕ್ಟ್ರಾನ್ ಕಿತ್ತು ಅಯಾನಿನ ದ್ರವ್ಯರಾಶಿ ಅಳೆಯೋದು ಯಾಕೆ?

ಅಣುಆಸಕ್ತ: ಪೆನ್ನಿಂಗ್ ಟ್ರ್ಯಾಪ್ (ಅಯಾನನ್ನು, ಅಂದರೆ ಚಾರ್ಜ್ ಇರುವ ಪರಮಾಣುವನ್ನು, ವಿದ್ಯುತ್ ಮತ್ತು ಕಾಂತಕ್ಷೇತ್ರಗಳಲ್ಲಿ ಹಿಡಿದಿಡುವ ಸಾಧನ) ಬಗ್ಗೆ ಸೆಮಿನಾರ್ ಕೊಡಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಬೇಕಾಗಿರುವುದು ಪೂರ್ತಿ ಪರಮಾಣುವಿನ ದ್ರವ್ಯರಾಶಿ. ಒಂದು ಎಲೆಕ್ಟ್ರಾನ್ ತೆಗೆದರೆ ಸಾಕಲ್ವಾ? ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ, ಇಂಥ ಐದು ಟ್ರ್ಯಾಪ್‌ಗಳ ಉಪಕರಣ ಪೆಂಟಾಟ್ರ್ಯಾಪ್‌ನಲ್ಲಿ ರೀನಿಯಂ-187ರಿಂದ 29 ಕಿತ್ತು ಅಳೆದಿದ್ದಾರೆ. ಆಮೇಲೆ ಅಷ್ಟನ್ನೂ ಲೆಕ್ಕದಲ್ಲಿ ವಾಪಸ್ ಸೇರಿಸಬೇಕಲ್ಲ!

ಕಾಂತಕ್ಷೇತ್ರ: ಕಾಂತಕ್ಷೇತ್ರದಲ್ಲಿ ಅಯಾನು ಸೆಕೆಂಡಿಗೆ ಎಷ್ಟು ಸುತ್ತು ಹಾಕುತ್ತದೆ ಅನ್ನುವುದರಿಂದಲೇ ದ್ರವ್ಯರಾಶಿ ಸಿಗುವುದು. ಈ ಸೈಕ್ಲೋಟ್ರಾನ್ ಆವೃತ್ತಿ ಚಾರ್ಜ್ ಜೊತೆಗೇ ಏರುತ್ತದೆ. 7 ಟೆಸ್ಲಾದಲ್ಲಿ ಒಂದೇ ಚಾರ್ಜ್‌ನ ರೀನಿಯಂ ಸೆಕೆಂಡಿಗೆ ಸುಮಾರು 5.7 ಲಕ್ಷ ಸುತ್ತು ಹಾಕಿದರೆ, 29 ಚಾರ್ಜ್‌ನದ್ದು 1.67 ಕೋಟಿ. ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಸುತ್ತು, ಜಾಸ್ತಿ ನಿಖರತೆ.

ಟ್ರ್ಯಾಪ್‌ಲ್ಯಾಬ್: ನಾನು ಪಿಎಚ್‌ಡಿ ಮಾಡಿದ್ದು ಇದರಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಅನುಮಾನ ಸರಿಯಾಗಿದೆ. 29 ಎಲೆಕ್ಟ್ರಾನ್‌ಗಳ ದ್ರವ್ಯರಾಶಿ ಕೂಡಿಸುವುದು ಸುಲಭ. ತಲೆನೋವು ಅವುಗಳ ಬಂಧನ ಶಕ್ತಿ, ಅಂದರೆ ಅವುಗಳನ್ನು ಕೀಳಲು ಬೇಕಾದ ಶಕ್ತಿ. ಶಕ್ತಿಗೂ ದ್ರವ್ಯರಾಶಿ ಇರುವುದರಿಂದ ಅದೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಸಿದ್ಧಾಂತದಿಂದ ಲೆಕ್ಕ ಹಾಕಬೇಕು.

ಆದರೆ ಎಷ್ಟೋ ಸಲ ಬೇಕಾಗಿರುವುದು ಎರಡು ಪರಮಾಣುಗಳ ವ್ಯತ್ಯಾಸ ಮಾತ್ರ. ರೀನಿಯಂ-187 ಬೀಟಾ ಕ್ಷಯದಲ್ಲಿ ಆಸ್ಮಿಯಂ-187 ಆಗುತ್ತದೆ. ಎರಡನ್ನೂ 29 ಚಾರ್ಜ್‌ನಲ್ಲೇ ಹೋಲಿಸಿದರೆ ಲೆಕ್ಕದ ತಪ್ಪು ಬಹುಪಾಲು ಒಂದಕ್ಕೊಂದು ವಜಾ ಆಗುತ್ತದೆ.

ಸೆಮಿನಾರ್‌ನಲ್ಲಿ ಇದನ್ನು ಬಿಡಬೇಡಿ: 2020ರಲ್ಲಿ ಪ್ರಕಟವಾದ ಕೆಲಸದಲ್ಲಿ, ಅದೇ ಚಾರ್ಜ್‌ನ ರೀನಿಯಂ ಅಯಾನುಗಳಲ್ಲೇ ಎರಡು ಬೇರೆ ಬೇರೆ ದ್ರವ್ಯರಾಶಿ ಕಂಡಿತು. ಶಕ್ತಿಯ ಲೆಕ್ಕದಲ್ಲಿ ವ್ಯತ್ಯಾಸ 202 ಎಲೆಕ್ಟ್ರಾನ್‌ವೋಲ್ಟ್. ಕೆಲವು ಅಯಾನುಗಳ ಎಲೆಕ್ಟ್ರಾನ್‌ಗಳು ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದವು. ಆ ಸ್ಥಿತಿಯ ಆಯಸ್ಸು ಸುಮಾರು 130 ದಿನ ಎಂದು ಲೆಕ್ಕ. ಅಯಾನಿನ ಇಡೀ ದ್ರವ್ಯರಾಶಿ ಅದೇ ಲೆಕ್ಕದಲ್ಲಿ 174 ಗಿಗಾ (17,400 ಕೋಟಿ) ಎಲೆಕ್ಟ್ರಾನ್‌ವೋಲ್ಟ್ ಹತ್ತಿರ. ಅಂದರೆ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೆಚ್ಚಿನ ಭಾರ! ಎಲೆಕ್ಟ್ರಾನಿನ ಉದ್ರೇಕವನ್ನು ಬೆಳಕಿನಿಂದಲ್ಲ, ಭಾರದಿಂದ ಪತ್ತೆ ಮಾಡಿದ್ದು. ಇವತ್ತಿಗೂ ನನಗೆ ಇದು ರೋಮಾಂಚನ.

ಅಣುಆಸಕ್ತ: ತುಂಬಾ ಥ್ಯಾಂಕ್ಸ್ ಸರ್. ಮಧ್ಯೆ ಕಾಂತಕ್ಷೇತ್ರ ಸ್ವಲ್ಪ ಜರುಗಿದರೆ?

ಟ್ರ್ಯಾಪ್‌ಲ್ಯಾಬ್: ಜರುಗುತ್ತದೆ. ಅದಕ್ಕೇ ಐದು ಟ್ರ್ಯಾಪ್, ಸುಮ್ನೆ ಅಲ್ಲ. ರೀನಿಯಂ, ಆಸ್ಮಿಯಂ, ಮತ್ತೆ ರೀನಿಯಂ ಹೀಗೆ ಒಂದೊಂದೇ ಅಯಾನು ಅಕ್ಕಪಕ್ಕದ ಟ್ರ್ಯಾಪ್‌ಗಳಲ್ಲಿ ಕೂರುತ್ತವೆ. ಸ್ವಲ್ಪ ಹೊತ್ತು ಅಳೆದು ಎಲ್ಲವನ್ನೂ ಒಂದು ಮನೆ ಸರಿಸುತ್ತಾರೆ. ಈಗ ಅದೇ ಟ್ರ್ಯಾಪ್‌ನಲ್ಲಿ, ಹೆಚ್ಚುಕಡಿಮೆ ಅದೇ ಕ್ಷೇತ್ರದಲ್ಲಿ ಇನ್ನೊಂದು ಅಯಾನು. ನಿಧಾನದ ಜರುಗುವಿಕೆ ಅನುಪಾತದಲ್ಲಿ ಹೊರಟುಹೋಗುತ್ತದೆ.

ಇನ್ನೊಂದು, ನಿರ್ವಾತದ ಬಗ್ಗೆಯೂ ಒಂದು ಸ್ಲೈಡ್ ಇಡಿ. ಉಳಿದ ಅನಿಲದ ಒಂದೇ ಒಂದು ಅಣು ಹತ್ತಿರ ಬಂದರೂ ಅಯಾನು ಅದರಿಂದ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. 29 ಇದ್ದ ಚಾರ್ಜ್ 28 ಆಯಿತು ಅಂದರೆ ಹೊಸ ಅಯಾನು ತುಂಬಿಸಬೇಕು. ಟ್ರ್ಯಾಪನ್ನು 4 ಕೆಲ್ವಿನ್‌ಗೆ ತಣ್ಣಗಿಡುವುದಕ್ಕೆ ಇದೂ ಒಂದು ಕಾರಣ. ಅನಿಲ ಗೋಡೆಗೆ ಅಂಟಿಕೊಂಡುಬಿಡುತ್ತದೆ.