ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಲೆಕ್ಕ ಬದಲಾಗುತ್ತದೆಯೇ?

ಪ್ರಶ್ನೆ (ಬದಿಯಡ್ಕದಿಂದ)

ನಮ್ಮ ಮಾವನವರಿಗೆ 62 ವರ್ಷ. ಕಳೆದ ವರ್ಷ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದೆಯೆಂದೂ ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದೂ ವೈದ್ಯರು ತಿಳಿಸಿದ ಮೇಲೆ, ಸಕ್ಕರೆ ಡಬ್ಬಿಯನ್ನೇ ತೆಗೆದಿಟ್ಟು ಚಹಾಕ್ಕೆ ಬೆಲ್ಲ, ಪುನರ್ಪುಳಿ (ಕೋಕಂ) ಶರಬತ್ತಿಗೆ ಜೇನು ಬಳಸತೊಡಗಿದೆವು. ತೋಟದಿಂದ ಬಂದಾಗ ಆಸರಿಗೆ (ಬಾಯಾರಿಕೆಗೆ) ಬೆಲ್ಲ-ನೀರು ಕುಡಿಯುವುದೂ ಮುಂದುವರಿಯಿತು. ಈ ಸಲದ ವರದಿಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಬೆಲ್ಲ, ಜೇನುಗಳೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆಯೇ? ಹಾಗಿದ್ದರೆ ಹಲಸಿನ ಹಣ್ಣನ್ನೂ ನಿಲ್ಲಿಸಬೇಕೇ?

ಉತ್ತರ 1 (ಮಂಜೇಶ್ವರದ ಆಹಾರವಿಜ್ಞಾನ ಅಧ್ಯಾಪಕಿ)

ಸೇರುತ್ತವೆ. ತಯಾರಕರಾಗಲಿ, ಅಡುಗೆ ಮಾಡುವವರಾಗಲಿ, ಉಣ್ಣುವವರಾಗಲಿ ಆಹಾರಕ್ಕೆ ಬೆರೆಸಿದ ಎಲ್ಲ ಸಕ್ಕರೆಯನ್ನೂ, ಜೇನು, ಪಾಕ, ಹಣ್ಣಿನ ರಸಗಳಲ್ಲಿ ಸಹಜವಾಗಿ ಇರುವ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ‘ಮುಕ್ತ ಸಕ್ಕರೆ’ ಎಂದು ಕರೆಯುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಬಿಳಿ ಸಕ್ಕರೆಯಲ್ಲಿರುವುದೇ. ಅದರಲ್ಲಿರುವ ಖನಿಜಾಂಶ ನಾವು ತಿನ್ನುವ ಪ್ರಮಾಣದಲ್ಲಿ ಅತ್ಯಲ್ಪ. ಸುಕ್ರೋಸ್ ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಗ್ಲೂಕೋಸನ್ನು ದೇಹದ ಎಲ್ಲ ಭಾಗಗಳೂ ಬಳಸಿಕೊಳ್ಳುತ್ತವೆಯಾದರೂ ಫ್ರಕ್ಟೋಸಿನ ಹೆಚ್ಚಿನ ಹೊರೆ ಯಕೃತ್ತಿನ ಮೇಲೆ ಬೀಳುತ್ತದೆ. ಅಗತ್ಯಕ್ಕಿಂತ ಹೆಚ್ಚಾದುದನ್ನು ಅದು ಕೊಬ್ಬಾಗಿ ಮಾರ್ಪಡಿಸುತ್ತದೆ. ನಿಮ್ಮ ಮಾವನವರ ವರದಿಯ ಎರಡು ಅಂಶಗಳೂ ಇದಕ್ಕೆ ಹತ್ತಿರದ ಸಂಬಂಧವುಳ್ಳವು.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು. 2000 ಕಿಲೋಕ್ಯಾಲೊರಿ ಉಣ್ಣುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ, ಅಂದರೆ ಸುಮಾರು 12 ಮತ್ತು 6 ಚಹಾ ಚಮಚ.

ಹಲಸಿನ ಸೊಳೆಯನ್ನು ಹಾಗೆಯೇ ತಿಂದರೆ ಅದರ ಸಕ್ಕರೆ ಈ ಲೆಕ್ಕಕ್ಕೆ ಬಾರದು, ಏಕೆಂದರೆ ಅದು ನಾರಿನೊಂದಿಗೆ ಜೀವಕೋಶಗಳ ಒಳಗೇ ಇರುತ್ತದೆ. ಆದರೆ ಬೆಲ್ಲ ಹಾಕಿದ ಹಲಸಿನ ಹಣ್ಣಿನ ಪಾಯಸದ ಮಾತು ಬೇರೆ. ಹಣ್ಣಾದರೂ ನಾಲ್ಕೈದು ಸೊಳೆಗೆ ನಿಲ್ಲಿಸುವುದು ಮೇಲು.

ಉತ್ತರ 2 (ಕುಂಬಳೆಯಿಂದ)

ಮನೆಯಲ್ಲಿ ಮಕ್ಕಳಿದ್ದರೆ ಹಲ್ಲಿನ ವಿಷಯವನ್ನೂ ಮರೆಯಬೇಡಿ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಆದುದರಿಂದ ಎಷ್ಟು ತಿಂದರು ಎಂಬುದರಷ್ಟೇ ದಿನಕ್ಕೆ ಎಷ್ಟು ಸಲ ತಿಂದರು ಎಂಬುದೂ ಮುಖ್ಯ. ಪುನರ್ಪುಳಿಯನ್ನು ಶರಬತ್ತಾಗಿಯೇ ಕುಡಿಯಬೇಕೆಂದಿಲ್ಲ. ನಮ್ಮಲ್ಲಿ ಅದನ್ನು ಉಪ್ಪು, ಜೀರಿಗೆ ಹಾಕಿ ಸಾರಿನಂತೆ ಮಾಡಿ ಕುಡಿಯುತ್ತೇವೆ. ಆಸರಿಗೆ ಮಜ್ಜಿಗೆ ನೀರು ಧಾರಾಳವಾಗಿ ಸಾಕು. ಸಕ್ಕರೆಯ ಬದಲು ಕೃತಕ ಸಿಹಿಗುಳಿಗೆಗೆ ಹೋಗುವ ಯೋಚನೆಯಿದ್ದರೆ, ತೂಕ ಇಳಿಸಲು ಅವುಗಳನ್ನು ಬಳಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಂದು ಕುಳಿತು ಲೆಕ್ಕ ಹಾಕಿದೆ: ನಾಲ್ಕು ಲೋಟ ಚಹಾಕ್ಕೆ ಎಂಟು ಚಮಚ ಬೆಲ್ಲದ ಪುಡಿ, ಶರಬತ್ತಿಗೆ ಮೂರು ಚಮಚ ಜೇನು, ಅದರ ಮೇಲೆ ಆಸರಿನ ಬೆಲ್ಲದ ತುಂಡು. ಬರೆದು ನೋಡುವವರೆಗೆ ಇದು 50 ಗ್ರಾಂ ದಾಟುತ್ತದೆಂದು ನನಗೆ ಹೊಳೆದಿರಲೇ ಇಲ್ಲ. ಮಾವನವರು ಬೆಲ್ಲ-ನೀರನ್ನು ಬಿಡಲು ಒಪ್ಪಿದ್ದಾರೆ, ಚಹಾದ ಬೆಲ್ಲವನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸೋಣವೆಂದಿದ್ದಾರೆ. ಮಧೂರು ದೇವಸ್ಥಾನಕ್ಕೆ ಹೋದಾಗ ‘ಅಪ್ಪ’ ಎಂಬ ಸಿಹಿತಿಂಡಿಯ ಪ್ರಸಾದವನ್ನು ಮಾತ್ರ ಬಿಡುವುದಿಲ್ಲವಂತೆ. ಅಪರೂಪಕ್ಕೊಮ್ಮೆ ಸಿಗುವ ಅದನ್ನು ನಾನೂ ತಡೆಯುವುದಿಲ್ಲ. ಮೂರು ತಿಂಗಳ ಬಳಿಕ ಮತ್ತೆ ರಕ್ತಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.