ಫ್ರಿಜ್ ಇದ್ದರೆ ಗೃಹಲಕ್ಷ್ಮಿ ಇಲ್ಲವಂತೆ!

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ, ಹೆಸರು ಮಾತ್ರ ಬದಲಾಯಿಸಿದ್ದೇನೆ. ಇದೇ ಸುದ್ದಿ ನಿಮ್ಮ ಗುಂಪಿಗೂ ಬಂದಿರಬಹುದು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೆದರಿ ಕೂತಿರಬಹುದು. ನಾನು ಗ್ರಾಮ ಒನ್ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಈ ಹೆದರಿಕೆಯನ್ನು ದಿನಾ ನೋಡುತ್ತೇನೆ.

ಲಲಿತತ್ತೆ: (ಫಾರ್ವರ್ಡ್) ತುರ್ತು ಸೂಚನೆ!! ಮನೆಯಲ್ಲಿ ಫ್ರಿಜ್, ಟಿವಿ, ಬೈಕ್ ಇದ್ದವರಿಗೆ ಈ ತಿಂಗಳಿಂದ ಗೃಹಲಕ್ಷ್ಮಿ 2000 ರೂಪಾಯಿ ಬಂದ್. ಇದುವರೆಗೆ ತೆಗೆದುಕೊಂಡ ಹಣ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಎಲ್ಲರಿಗೂ ತಿಳಿಸಿ.

ದೊಡ್ಡಮ್ಮ: ಅಯ್ಯೋ ಶಿವನೇ, ಅದಕ್ಕೇ ಇರಬೇಕು ನನಗೆ ಒಂದು ಕಂತೂ ಬರಲಿಲ್ಲ. ಫ್ರಿಜ್ ಬೇಡ ಬೇಡ ಅಂದೆ. ಈ ಕಿರಣ ಕೇಳಲಿಲ್ಲ.

ಕಿರಣಣ್ಣ: ಅಮ್ಮಾ, ಫ್ರಿಜ್ ಬಂದಿದ್ದು ಹೋದ ವರ್ಷ. ನಿನ್ನ ಅರ್ಜಿ ನಿಂತಿದ್ದು 2023ರಲ್ಲಿ. ಅತ್ತೆ, ಇದರ ಆದೇಶ ಎಲ್ಲಿದೆ? ನಂಬರ್ ಇಲ್ಲ, ತಾರೀಕಿಲ್ಲ, ಸಹಿ ಇಲ್ಲ.

ಲಲಿತತ್ತೆ: ನಾನು ಬರೆದಿದ್ದಲ್ಲಪ್ಪ. ನಮ್ಮ ಸಂಘದ ಗುಂಪಲ್ಲಿ ಬಂತು. ನಾಲ್ಕು ಜನಕ್ಕೆ ಒಳ್ಳೇದಾಗಲಿ ಅಂತ ಹಾಕಿದೆ.

ಕಿರಣಣ್ಣ: ಕೊರೋನಾ ಕಷಾಯದ್ದೂ ಒಳ್ಳೇದಾಗಲಿ ಅಂತಲೇ ಹಾಕಿದ್ದಿರಿ.

ಮೇಷ್ಟ್ರು ಮಾವ: ಕಿರಣ, ಹಿರಿಯರ ಹತ್ತಿರ ಮಾತಾಡುವ ರೀತಿ ಇದಲ್ಲ. ಸುದ್ದಿ ಸುಳ್ಳೇ ಇರಲಿ, ವಿಷಯ ಸರಿಯಾಗಿದೆ. ಫ್ರಿಜ್ ಇರುವವರಿಗೆ ಸರ್ಕಾರದ ದುಡ್ಡು ಯಾಕೆ? ಕೈ ಚಾಚುವ ಅಭ್ಯಾಸ ಒಮ್ಮೆ ಬಂದರೆ ಹೋಗುವುದಿಲ್ಲ.

ಶಶಿ: ಮಾವ, ನೀವೇ ಅಲ್ವಾ ನಮ್ಮನ್ನು ಸೊಸೈಟಿ ಮುಂದೆ ಸಾಲಲ್ಲಿ ನಿಲ್ಲಿಸುತ್ತಿದ್ದಿದ್ದು! ಸೀಮೆಎಣ್ಣೆ ಡಬ್ಬವನ್ನು ನಮ್ಮ ಜಾಗದಲ್ಲಿಟ್ಟು ಗೋಲಿ ಆಡಲು ಓಡುತ್ತಿದ್ದೆವು. ಸಕ್ಕರೆ ಬಂದರೆ ಅಜ್ಜಿ ಹಬ್ಬಕ್ಕೆ ಅಂತ ಎತ್ತಿಡುತ್ತಿದ್ದರು. ಎಂಥಾ ದಿನಗಳು!

ನಾನು: ಗೃಹಲಕ್ಷ್ಮಿಗೆ ಫ್ರಿಜ್, ಟಿವಿ, ಬೈಕ್ ಯಾವುದನ್ನೂ ಕೇಳುವುದಿಲ್ಲ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವ ಕಾರ್ಡ್ ಆದರೂ ನಡೆಯುತ್ತದೆ. ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಹೆಂಗಸಿಗೆ ದುಡ್ಡು, ಒಂದು ಮನೆಗೆ ಒಬ್ಬರಿಗೆ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಸಿಗುವುದಿಲ್ಲ. ಈ ಟಿವಿ, ಫ್ರಿಜ್, ಬೈಕ್ ಮಾತು 2021ರದ್ದು. ಆಗಿನ ಆಹಾರ ಸಚಿವರು ಬಿಪಿಎಲ್ ಕಾರ್ಡ್ ಬಗ್ಗೆ ಹೇಳಿ, ಗಲಾಟೆ ಆದ ಮೇಲೆ ಹಿಂದೆ ಸರಿದರು. ಗೃಹಲಕ್ಷ್ಮಿ ಆಗಿನ್ನೂ ಹುಟ್ಟಿರಲಿಲ್ಲ.

ಮೇಷ್ಟ್ರು ಮಾವ: ಕಿರಣ ಬೆಂಗಳೂರಲ್ಲಿ ತೆರಿಗೆ ಕಟ್ಟುತ್ತಾನಲ್ಲ? ಅದಕ್ಕೇ ನಿಂತಿರುತ್ತದೆ.

ನಾನು: ಇಲ್ಲ ಮಾವ. ಆದೇಶದಲ್ಲಿ ಇರುವುದು ಯಜಮಾನಿ ಮತ್ತು ಅವರ ಗಂಡ ಮಾತ್ರ. ಮಗ ಅಂತ ಇಲ್ಲ.

ನಾನು ಬರೆದ ಉದ್ದದ ಮೆಸೇಜನ್ನು ಯಾರೂ ಪೂರ್ತಿ ಓದಲಿಲ್ಲ. ದೊಡ್ಡಮ್ಮ ಮತ್ತೆ ಫ್ರಿಜ್ಜನ್ನೇ ಕೇಳಿದರು. ಅವರ ಅರ್ಜಿ ಹಾಕಿದ್ದು ನಾನೇ. ಮೊದಲು ಕಾರ್ಡಿನಲ್ಲಿ ದೊಡ್ಡಪ್ಪನ ಹೆಸರು ಮುಂದಿತ್ತು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ 18 ತುಂಬಿದ ಹೆಂಗಸರಲ್ಲಿ ಹಿರಿಯರೇ ಕಾರ್ಡಿಗೆ ಮನೆಯ ಯಜಮಾನಿ. ಅದನ್ನು ಸರಿಮಾಡಿಸಿದೆವು. ಆಮೇಲೆ ಇ-ಕೆವೈಸಿ. ತೆಂಗಿನಗರಿ ಸೀಳಿ ಸೀಳಿ ಸವೆದ ಹೆಬ್ಬೆರಳು, ಯಂತ್ರ ಹಿಡಿಯಲೇ ಇಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದರು. ಕೊನೆಗೆ ಬೇರೆ ಬೆರಳಲ್ಲಿ ಆಯಿತು. ಅಷ್ಟೆಲ್ಲ ಆದ ಮೇಲೂ ಅರ್ಜಿ ನಿಂತಿತು.

ನಾನು: ದೊಡ್ಡಮ್ಮ, ನಿಮ್ಮ ಅರ್ಜಿ ನಿಂತಿರುವುದು ಜಿಎಸ್‌ಟಿಯಿಂದ. ಇವತ್ತು ಮತ್ತೆ ತೆಗೆದು ನೋಡಿದೆ. ದೊಡ್ಡಪ್ಪನ ಹೆಸರಲ್ಲಿ ನಂಬರ್ ಇದೆ.

ದೊಡ್ಡಮ್ಮ: ಅವರಿಗೆ ತೋಟ ಬಿಟ್ಟರೆ ಬೇರೆ ಗೊತ್ತಿಲ್ಲ. ಯಾವ ವ್ಯಾಪಾರ?

ಕಿರಣಣ್ಣ: ರಮೇಶ್ ಚಿಕ್ಕಪ್ಪ, ಗೊಬ್ಬರದ ಅಂಗಡಿ ಯಾರ ಹೆಸರಲ್ಲಿ ಮಾಡಿಸಿದ್ದಿರಿ?

ಮೇಷ್ಟ್ರು ಮಾವ: ಮನೆ ವಿಷಯ ಗುಂಪಿನಲ್ಲಿ ಬೇಡ.

ರಮೇಶ್ ಚಿಕ್ಕಪ್ಪ: ಕೇಳಿಯೇ ಮಾಡಿಸಿದ್ದು. 2017ರಲ್ಲಿ ಜಿಎಸ್‌ಟಿ ಬಂದಾಗ ನನ್ನ ಪ್ಯಾನ್ ಕಾರ್ಡಲ್ಲಿ ಹೆಸರು ತಪ್ಪಿತ್ತು. ಅಣ್ಣನೇ ತನ್ನ ಕಾರ್ಡ್ ಕೊಟ್ಟ. ಅದೇ ಅಂಗಡಿ ದುಡ್ಡಲ್ಲಿ ನಿನ್ನ ಕಾಲೇಜ್ ಫೀಸ್ ಕಟ್ಟಿದ್ದು ಮರೆತೆಯಾ?

ಕಿರಣಣ್ಣ: ಒಂದು ವರ್ಷದ್ದು. ಅದಕ್ಕೆ ಅಪ್ಪ ಹಲಸಿನ ಮರದ ಪಕ್ಕದ ಜಾಗ ಬಿಟ್ಟುಕೊಟ್ಟರು.

ಲಲಿತತ್ತೆ: ಆ ಜಾಗದ ಮಾತು ಬಂದರೆ ನನಗೂ ಹೇಳುವುದಿದೆ. ಪಾಲು ಮಾಡುವಾಗ ಹೆಣ್ಣುಮಗಳನ್ನು ಕರೆದವರು ಯಾರು?

ಶಶಿ: ಆ ಮರದ ಹಣ್ಣು ಮಾತ್ರ, ಜೇನು ಜೇನು.

ಕಿರಣಣ್ಣ: ಶಶಿ, ಸ್ವಲ್ಪ ಸುಮ್ನಿರು.

ಇಷ್ಟು ಹೊತ್ತು ಸುಮ್ಮನಿದ್ದ ದೊಡ್ಡಮ್ಮ ಆಮೇಲೆ ಬರೆದರು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವವರು. ಇಷ್ಟು ಬರೆದಿದ್ದಾರೆ ಅಂದರೆ ಎಷ್ಟು ದಿನದಿಂದ ಒಳಗಿತ್ತೋ.

ದೊಡ್ಡಮ್ಮ: ನನಗೆ ಜಾಗವೂ ಬೇಡ, ಮರವೂ ಬೇಡ. ಬಿಪಿ ಮಾತ್ರೆಗೆ ತಿಂಗಳು ತಿಂಗಳು ಇವರ ಮುಂದೆ ನಿಲ್ಲಬೇಕು. ಆ ದುಡ್ಡು ನನ್ನ ಖಾತೆಗೆ ಬಂದರೆ ಯಾರನ್ನೂ ಕೇಳಬೇಕಿಲ್ಲ. ಮೇಷ್ಟ್ರೇ, ನಿಮಗೂ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಅದನ್ನು ಯಾರೂ ಕೈ ಚಾಚುವುದು ಅನ್ನಲಿಲ್ಲ.

ಮಾವ ನೋಡಿದರು, ಉತ್ತರ ಬರೆಯಲಿಲ್ಲ. ದೊಡ್ಡಮ್ಮ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಕೌಂಟರಿಗೆ ಬರುವ ಹೆಂಗಸರಲ್ಲಿ ಜಾಸ್ತಿ ಜನ ಇದೇ ಕಾರಣ ಹೇಳುತ್ತಾರೆ. ಔಷಧಿ, ಮೊಮ್ಮಗಳ ಪುಸ್ತಕ, ತವರಿಗೆ ಹೋಗುವಾಗ ಒಂದಿಷ್ಟು ಹಣ್ಣು. ಯಾರನ್ನೂ ಕೇಳದೆ ಖರ್ಚು ಮಾಡುವ ದುಡ್ಡು ಅವರಿಗೆ ಮೊದಲು ಇರಲೇ ಇಲ್ಲ.

ರಮೇಶ್ ಚಿಕ್ಕಪ್ಪ: ಅತ್ತಿಗೆ, ಅಂಗಡಿ ಮುಚ್ಚಿದ್ದೇನಲ್ಲ. ಆಡಿಟರ್ ಇನ್ನೂ ವ್ಯಾಪಾರ ಸೊನ್ನೆ ಅಂತ ನಿಲ್ ರಿಟರ್ನ್ಸ್ ಹಾಕುತ್ತಿದ್ದಾನೆ ಅಷ್ಟೇ. ಇದರಿಂದ ನಿಮ್ಮದು ನಿಲ್ಲುತ್ತೆ ಅಂತ ಯಾರೂ ಹೇಳಲಿಲ್ಲ.

ನಾನು: ನಿಲ್ ಆದರೂ ರಿಟರ್ನ್ಸ್ ರಿಟರ್ನ್ಸೇ ಚಿಕ್ಕಪ್ಪ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ರದ್ದು ಮಾಡಲು ಅರ್ಜಿ ಹಾಕಿಸಿ. ಬಾಕಿ ಇದ್ದರೆ ಮುಗಿಸಿ, ರದ್ದಾದ ಮೇಲೆ ಕೊನೆಯ ರಿಟರ್ನ್ ಸಲ್ಲಿಸಿ. ರದ್ದಾದ ಆದೇಶದ ಪ್ರತಿ, ರೇಷನ್ ಕಾರ್ಡ್, ಇಬ್ಬರ ಆಧಾರ್ ಹಿಡಿದು ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗೋಣ. ನಾನೂ ಬರುತ್ತೇನೆ.

ರಮೇಶ್ ಚಿಕ್ಕಪ್ಪ: ಓಟಿಪಿ ಅಣ್ಣನ ಹಳೇ ನಂಬರಿಗೆ ಹೋಗುತ್ತದೆ. ಆ ಸಿಮ್ ಎಲ್ಲಿದೆಯೋ.

ದೊಡ್ಡಮ್ಮ: ನನ್ನ ಫೋನಲ್ಲೇ ಇದೆ ರಮೇಶ. ಸೋಮವಾರ ಆಡಿಟರನ್ನೂ ಕರೆದುಕೊಂಡು ಬಾ.